ಯಾವ ಕ್ರಿಮಿ ಎಂದು ಮೊದಲು ಕೇಳೋಣ

ಜನಕಪುರಿಯ ಕನ್ನಡ ಕುಟುಂಬಗಳಿಗೆ ಒಂದು ಬಹಿರಂಗ ಪತ್ರ



2025ರಲ್ಲಿ ನಮ್ಮ ಬಡಾವಣೆಯ ಹೆಸರು ಪತ್ರಿಕೆಗಳಲ್ಲಿ ಬಂದದ್ದು ನಿಮಗೆಲ್ಲ ನೆನಪಿರಬೇಕು. ಕುಡಿಯುವ ನೀರಿಗೆ ಚರಂಡಿ ನೀರು ಸೇರುತ್ತಿದೆ ಎಂಬ ಜನಕಪುರಿ ನಿವಾಸಿಗಳ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ನಲ್ಲಿ ನೀರಿನ ಮಾದರಿಗಳನ್ನು ಪರೀಕ್ಷಿಸಿದಾಗ ಕೆಲವದರಲ್ಲಿ ಇ. ಕೊಲೈ ಸಿಕ್ಕಿತು. ಹಳೆಯ ಕೊಳವೆಗಳು, ಪಕ್ಕದಲ್ಲೇ ಹಾದುಹೋಗುವ ಚರಂಡಿ, ಮೋಟರು ಹಾಕಿ ನೀರೆಳೆಯುವ ಅಭ್ಯಾಸ, ಎಲ್ಲದರ ಬಗ್ಗೆಯೂ ಸಾಕಷ್ಟು ಚರ್ಚೆಯಾಯಿತು. ಆ ನೀರು ಕುಡಿದು ಹೊಟ್ಟೆ ಕೆಟ್ಟವರು ಆಮೇಲೆ ಏನು ನುಂಗಿದರು ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ. ಈ ಪತ್ರ ಅದರ ಕುರಿತು.

ನಮ್ಮ ಬ್ಲಾಕಿನ ಮಾರುಕಟ್ಟೆಯಲ್ಲಿ ದಿನವೂ ನಡೆಯುವುದು ಇದು. ಯಾರೋ ಕೆಮಿಸ್ಟ್ ಅಂಗಡಿಯ ಮುಂದೆ ನಿಂತು, ‘ಭಯ್ಯಾ, ಲೂಸ್ ಮೋಷನ್ ಕೀ ದವಾ ದೇ ದೋ’ ಎಂದು ಭೇದಿಗೆ ಔಷಧ ಕೇಳುತ್ತಾರೆ. ಅಂಗಡಿಯಾತ ಡಾಕ್ಟರ ಚೀಟಿ ಕೇಳುವುದಿಲ್ಲ. ಸ್ಟ್ರಿಪ್ಪಿನಿಂದ ಆರು ಮಾತ್ರೆ ಕತ್ತರಿಸಿ ಪುಟ್ಟ ಕಾಗದದ ಲಕೋಟೆಗೆ ಹಾಕಿ, ಮೇಲೆ ಪೆನ್ನಿನಲ್ಲಿ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಗೀಟೆಳೆದು ಕೊಡುತ್ತಾನೆ. ಕತ್ತರಿಸಿದ ತುಂಡಿನ ಹಿಂಬದಿಯಲ್ಲಿ ಔಷಧದ ಹೆಸರು ಅರ್ಧ ಉಳಿದಿರುತ್ತದೆ. ಎಡಬದಿಗೆ ನೆಟ್ಟಗೆ ಎಳೆದ ಕೆಂಪು ಗೆರೆಯೂ ಇರುತ್ತದೆ. ಚೀಟಿಯಿಲ್ಲದೆ ಕೊಳ್ಳಬೇಡಿ ಎಂಬ ಸರ್ಕಾರದ ಎಚ್ಚರಿಕೆ ಅದು. ಬಹುಮಟ್ಟಿಗೆ ಆ ಮಾತ್ರೆ ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಎರಡೂ ಸೇರಿದ ಜೋಡಿ ಮಾತ್ರೆ.

ನಾನು ಇದೇ ದೆಹಲಿಯ ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ದುಡಿದು ನಿವೃತ್ತಳಾದವಳು. ಹಾಗಾಗಿ ಆ ಜೋಡಿ ಮಾತ್ರೆ ನಮ್ಮ ಹೊಟ್ಟೆಯೊಳಗೆ ಇಳಿದು ಏನು ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳುವ ಜವಾಬ್ದಾರಿ ನನ್ನದು ಎಂದು ತಿಳಿದಿದ್ದೇನೆ.

ನಮ್ಮ ದೇಹದಲ್ಲಿರುವ ಬ್ಯಾಕ್ಟೀರಿಯಾಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಲೆಕ್ಕ ಹಾಕಿದರು. ಅಂದರೆ ನಮ್ಮದೇ ಜೀವಕೋಶಗಳಷ್ಟು, ಅಥವಾ ಸ್ವಲ್ಪ ಹೆಚ್ಚೇ. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ನಾವು ಜೀರ್ಣಿಸಿಕೊಳ್ಳಲಾಗದ ನಾರನ್ನು ಅವು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರ ಅದೇ. ಪಿತ್ತರಸದ ಆಮ್ಲಗಳನ್ನು ಅವು ಮಾರ್ಪಡಿಸುತ್ತವೆ. ಹೀಗೆ ಮಾರ್ಪಟ್ಟ ಆಮ್ಲ ಕೆಲವು ಅಪಾಯಕಾರಿ ಕ್ರಿಮಿಗಳನ್ನು ಬೆಳೆಯಗೊಡುವುದಿಲ್ಲ. ಹೊರಗಿನಿಂದ ಬಂದ ಕ್ರಿಮಿಗೆ ಊರಲು ಜಾಗ ಸಿಗದಂತೆ, ತಿನ್ನಲು ಏನೂ ಉಳಿಯದಂತೆ ನೋಡಿಕೊಳ್ಳುವುದೂ ಅವೇ. ಕಲುಷಿತ ನೀರು ಕುಡಿದ ಒಂದೇ ಮನೆಯ ನಾಲ್ವರಲ್ಲಿ ಇಬ್ಬರಿಗೆ ಭೇದಿಯಾಗಿ ಇನ್ನಿಬ್ಬರಿಗೆ ಏನೂ ಆಗದಿರುವುದಕ್ಕೆ ಇದೂ ಒಂದು ಕಾರಣ.

ದೊಡ್ಡ ಕರುಳಿನಲ್ಲಿ ಆಮ್ಲಜನಕ ಇಲ್ಲವೆಂದೇ ಹೇಳಬೇಕು. ಅಲ್ಲಿ ನೆಲೆಸಿರುವ ಬಹುತೇಕ ಜೀವಿಗಳು ಆಮ್ಲಜನಕವಿಲ್ಲದೆ ಬದುಕುವಂಥವು. ಆರ್ನಿಡಜೋಲ್ ಕೊಲ್ಲುವುದು ಅಮೀಬಾವನ್ನು ಮತ್ತು ಇಂಥ, ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳನ್ನು. ಅದರ ಜೊತೆಗಿರುವ ಆಫ್ಲಾಕ್ಸಸಿನ್ ಉಳಿದವುಗಳ ಮೇಲೆ ಬೀಳುತ್ತದೆ. ಎರಡೂ ಸೇರಿದರೆ ತಪ್ಪಿಸಿಕೊಳ್ಳುವುದು ಸ್ವಲ್ಪವೇ. ಯಾವ ಕ್ರಿಮಿಯಿಂದ ಭೇದಿಯಾಯಿತೆಂದು ಗೊತ್ತಿಲ್ಲದಿದ್ದರೂ ಎಲ್ಲದಕ್ಕೂ ಆಗುತ್ತದೆ ಎಂಬುದೇ ಈ ಜೋಡಿಯ ಆಕರ್ಷಣೆ. ಕಳೆ ಯಾವುದು, ಪೈರು ಯಾವುದು ಎಂದು ನೋಡದೆ ಇಡೀ ರಾಗಿ ಹೊಲಕ್ಕೆ ಬೆಂಕಿ ಹಚ್ಚಿದ ಹಾಗೆ. ಅದೂ ಎಂಥ ಕಾಯಿಲೆಗೆ? ಮನೆಯಲ್ಲಿ ಬರುವ ನೀರು ಭೇದಿಯಲ್ಲಿ ದೊಡ್ಡ ಪಾಲು ವೈರಸ್ಸಿನಿಂದ ಅಥವಾ ತಾನಾಗಿಯೇ ಎರಡು ಮೂರು ದಿನಗಳಲ್ಲಿ ಇಳಿಯುವ ಸೋಂಕಿನಿಂದ ಬಂದದ್ದು. ಅದಕ್ಕೆ ಬೇಕಿರುವುದು ಓಆರ್‌ಎಸ್, ಮಕ್ಕಳಾದರೆ ಜೊತೆಗೆ ಜಿಂಕ್. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸಕ್ಕರೆ ಬೆರೆಸಿದ ನೀರು ಕುಡಿಸಿಯೇ ಸಾವಿರಾರು ಜೀವ ಉಳಿಸಿದರು. ಕಾಲರಾದಲ್ಲೇ ಜೀವ ಉಳಿಸಿದ್ದು ನಮ್ಮ ಸಾಮಾನ್ಯ ಭೇದಿಗೆ ಸಾಲದೆ?

ಎರಡು ದಿನದ ಭೇದಿ ನಿಲ್ಲಿಸಲು ನುಂಗಿದ ಮಾತ್ರೆಯ ಪರಿಣಾಮ ಎರಡು ದಿನಕ್ಕೆ ಮುಗಿಯುವುದಿಲ್ಲ. ಕೋಪನ್‌ಹೇಗನ್ನಿನ ಸಂಶೋಧಕರು 12 ಮಂದಿ ಆರೋಗ್ಯವಂತ ಗಂಡಸರಿಗೆ ನಾಲ್ಕು ದಿನ ಮೂರು ಪ್ರಬಲ ಆಂಟಿಬಯಾಟಿಕ್‌ಗಳನ್ನು ಕೊಟ್ಟು ಆರು ತಿಂಗಳು ಅವರ ಕರುಳಿನ ಬ್ಯಾಕ್ಟೀರಿಯಾಗಳ ಜಾಡು ಹಿಡಿದರು. ಒಂದೂವರೆ ತಿಂಗಳಲ್ಲಿ ಬಹುಮಟ್ಟಿಗೆ ಮೊದಲಿನ ಸ್ಥಿತಿ ಬಂತು. ಆದರೆ ಎಲ್ಲರಲ್ಲೂ ಮೊದಲಿದ್ದ ಒಂಬತ್ತು ಜಾತಿಯ ಬ್ಯಾಕ್ಟೀರಿಯಾಗಳು ಹೆಚ್ಚಿನವರಲ್ಲಿ 180 ದಿನ ಕಳೆದರೂ ಮರಳಲಿಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನ ಇದು. ಅವರು ಒಂದು ಸಲ ತೆಗೆದುಕೊಂಡವರು. ವರ್ಷಕ್ಕೆ ನಾಲ್ಕು ಸಲ ತೆಗೆದುಕೊಳ್ಳುವ ನಮ್ಮ ಮಕ್ಕಳ, ಹಿರಿಯರ ಕರುಳಿನ ಗತಿ ಏನೆಂದು ಯೋಚಿಸಿ.

ಹೀಗೆ ತೆರವಾದ ಜಾಗಕ್ಕೆ ಕಾದು ಕುಳಿತಿರುವ ಕ್ರಿಮಿಯೊಂದಿದೆ, ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್. ಆಸ್ಪತ್ರೆಯವರು ಚುಟುಕಾಗಿ ಸಿ. ಡಿಫ್ ಎನ್ನುತ್ತಾರೆ. ಆಂಟಿಬಯಾಟಿಕ್ ಕೊಟ್ಟ ಮೇಲೆ ಬರುವ ಭೀಕರ ಕರುಳುರಿತಕ್ಕೆ ಇದೇ ಕಾರಣವೆಂದು 1978ರಲ್ಲಿ ಪತ್ತೆಯಾಯಿತು. ಒಂದು ಸೋಂಕಿಗೆಂದು ಆಸ್ಪತ್ರೆ ಸೇರಿದ ವೃದ್ಧರು ಆ ಸೋಂಕು ವಾಸಿಯಾಗಿ, ಔಷಧ ತಂದ ಇನ್ನೊಂದರಿಂದ ಹಾಸಿಗೆ ಹಿಡಿಯುತ್ತಾರೆ. ಅದಕ್ಕೆ ಮತ್ತೊಂದು ಆಂಟಿಬಯಾಟಿಕ್ ಕೊಟ್ಟರೆ ಅಳಿದುಳಿದ ಒಳ್ಳೆಯ ಬ್ಯಾಕ್ಟೀರಿಯಾಗಳೂ ಹೋಗಿ ಕಾಯಿಲೆ ಮರುಕಳಿಸುತ್ತದೆ.

ಈ ಸುಳಿಯಿಂದ ಹೊರಬರುವ ದಾರಿ ಮೊದಲು ತೋರಿದ್ದೂ ಸಿ. ಡಿಫ್ ಚಿಕಿತ್ಸೆಯೇ. 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫಿಡಾಕ್ಸೊಮೈಸಿನ್ ಎಂಬ ಔಷಧ ಸಿ. ಡಿಫ್ ಅನ್ನು ಕೊಲ್ಲುತ್ತದೆ, ಕರುಳಿನ ಮುಖ್ಯ ನಿವಾಸಿಗಳಾದ ಬ್ಯಾಕ್ಟಿರಾಯ್ಡಿಸ್ ಗುಂಪಿನ ತಂಟೆಗೆ ಹೆಚ್ಚು ಹೋಗುವುದಿಲ್ಲ. ಮೊದಲಿಂದ ಬಳಕೆಯಲ್ಲಿದ್ದ ವ್ಯಾಂಕೊಮೈಸಿನ್ನಿನ ಜೊತೆ ಹೋಲಿಸಿದಾಗ ಕಾಯಿಲೆ ವಾಸಿಮಾಡುವುದರಲ್ಲಿ ಎರಡೂ ಸರಿಸಮ. ಮರುಕಳಿಸುವುದು ಮಾತ್ರ ಫಿಡಾಕ್ಸೊಮೈಸಿನ್ ತೆಗೆದುಕೊಂಡವರಲ್ಲಿ ಸ್ಪಷ್ಟವಾಗಿ ಕಡಿಮೆ. ಒಳ್ಳೆಯವನ್ನು ಉಳಿಸಿದ್ದೇ ಚಿಕಿತ್ಸೆಯ ಭಾಗವಾಯಿತು.

ಆದರೆ ನಮ್ಮ ನಲ್ಲಿಯಲ್ಲಿ ಸಿಕ್ಕ ಇ. ಕೊಲೈ, ಅದರ ನೆಂಟ ಕ್ಲೆಬ್ಸಿಯೆಲ್ಲಾ, ಇವು ಬೇರೆ ಬಗೆ. ಗ್ರಾಂ ನೆಗೆಟಿವ್ ಎಂದು ಕರೆಯುವ ಈ ಗುಂಪಿಗೆ ಎರಡು ಪೊರೆಗಳ ರಕ್ಷಣೆಯಿದೆ. ಹೊರಪೊರೆಯನ್ನು ದಾಟಿ ಒಳಹೋಗುವುದೇ ಔಷಧಗಳಿಗೆ ದೊಡ್ಡ ಸಾಹಸ. ದಾಟುವಂಥ ಔಷಧಗಳು ಸಾಮಾನ್ಯವಾಗಿ ಎಲ್ಲವನ್ನೂ ಹೊಡೆಯುವಂಥವು. ಇಲ್ಲಿ 2024ರಲ್ಲಿ ಒಂದು ಬೆಳಕು ಕಂಡಿತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪಾಲ್ ಹೆರ್ಗನ್‌ರೋಥರ್ ಅವರ ತಂಡ ಲೋಲಾಮೈಸಿನ್ ಎಂಬ ಸಂಯುಕ್ತದ ವಿವರಗಳನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಈ ಬ್ಯಾಕ್ಟೀರಿಯಾಗಳು ಒಳಪೊರೆಯಲ್ಲಿ ತಯಾರಾದ ಕೆಲವು ಪ್ರೋಟೀನುಗಳನ್ನು ಹೊರಪೊರೆಗೆ ಸಾಗಿಸಲೇಬೇಕು. ಸಾಗಿಸದಿದ್ದರೆ ಹೊರಪೊರೆ ನಿಲ್ಲುವುದಿಲ್ಲ. ಆ ಸಾಗಣೆ ವ್ಯವಸ್ಥೆಯ ಹೆಸರು ಲೋಲ್. ರೋಗ ತರುವ ಇ. ಕೊಲೈ, ಕ್ಲೆಬ್ಸಿಯೆಲ್ಲಾಗಳಲ್ಲಿ ಈ ಲೋಲ್ ಪ್ರೋಟೀನು ಹೆಚ್ಚುಕಡಿಮೆ ಒಂದೇ ಬಗೆಯದು. ಕರುಳಿನ ಸಭ್ಯ ನಿವಾಸಿಗಳಲ್ಲಿ ಅದರ ರಚನೆ ಬೇರೆ. ಹೊರಪೊರೆಯೇ ಇಲ್ಲದ ಗ್ರಾಂ ಪಾಸಿಟಿವ್ ಗುಂಪಿಗಂತೂ ಆ ವ್ಯವಸ್ಥೆಯೇ ಇಲ್ಲ. ಲೋಲಾಮೈಸಿನ್ ರೋಗ ತರುವವುಗಳ ಲೋಲ್‌ಗೆ ಅಂಟಿಕೊಳ್ಳುತ್ತದೆ, ಉಳಿದವನ್ನು ಬಿಟ್ಟುಬಿಡುತ್ತದೆ.

ಹಲವು ಔಷಧಗಳಿಗೆ ಬಗ್ಗದ 130ಕ್ಕೂ ಹೆಚ್ಚು ಬ್ಯಾಕ್ಟೀರಿಯಾ ತಳಿಗಳ ಮೇಲೆ ಅದು ಕೆಲಸ ಮಾಡಿತು. ರಕ್ತಕ್ಕೆ ನಂಜೇರಿದ ಇಲಿಗಳೆಲ್ಲವೂ ಬದುಕುಳಿದವು. ನ್ಯುಮೋನಿಯಾ ಬಂದವುಗಳಲ್ಲಿ ನೂರಕ್ಕೆ ಎಪ್ಪತ್ತು. ಅಮಾಕ್ಸಿಸಿಲಿನ್, ಕ್ಲಿಂಡಮೈಸಿನ್ ಕೊಟ್ಟ ಇಲಿಗಳ ಕರುಳು ಅಸ್ತವ್ಯಸ್ತವಾಯಿತು. ಲೋಲಾಮೈಸಿನ್ ಕೊಟ್ಟವುಗಳಲ್ಲಿ ಹೆಚ್ಚು ಬದಲಾವಣೆ ಕಾಣಲಿಲ್ಲ. ಆಮೇಲೆ ಎಲ್ಲ ಇಲಿಗಳನ್ನೂ ಸಿ. ಡಿಫ್‌ಗೆ ಒಡ್ಡಿ ನೋಡಿದರು. ಹಳೆಯ ಔಷಧ ತಿಂದವುಗಳಲ್ಲಿ ಅದು ಬೇರೂರಿತು. ಲೋಲಾಮೈಸಿನ್ ತಿಂದ ಇಲಿಗಳು ಅದನ್ನು ತಾವೇ ಹೊರಹಾಕಿದವು ಅಥವಾ ಹತ್ತಿರ ಬಿಟ್ಟುಕೊಳ್ಳಲಿಲ್ಲ. ನನ್ನ ವೃತ್ತಿಜೀವನದಲ್ಲಿ ಓದಿದ ಪ್ರಬಂಧಗಳಲ್ಲಿ ಇಷ್ಟು ಸಂತೋಷ ಕೊಟ್ಟವು ಕಡಿಮೆ.

ಅದರ ಮರುವರ್ಷ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಎಂಐಟಿಯವರು ಎಂಟರೊಲೋಲಿನ್ ಎಂಬ ಇನ್ನೊಂದನ್ನು ಮುಂದಿಟ್ಟರು. ಅದರ ಗುರಿಯೂ ಇದೇ ಲೋಲ್ ವ್ಯವಸ್ಥೆ. ಕ್ರೋನ್ಸ್ ಕಾಯಿಲೆಯವರ ಕರುಳಿನಲ್ಲಿ ಹೆಚ್ಚುವ ಇ. ಕೊಲೈ ವಿರುದ್ಧ ಅದನ್ನು ಬಳಸುವ ಆಲೋಚನೆ ಅವರದು. ಅಸಿನೆಟೊಬ್ಯಾಕ್ಟರ್ ಎಂಬ, ಐಸಿಯುಗಳನ್ನು ನಡುಗಿಸುವ ಕ್ರಿಮಿಯೊಂದಕ್ಕೇ ಮೀಸಲಾದ ಜೋಸುರಬಾಲ್ಪಿನ್ ಎಂಬ ಔಷಧವೂ ಮನುಷ್ಯರ ಮೇಲಿನ ಪರೀಕ್ಷೆಗಳ ಹಂತದಲ್ಲಿದೆ. ದೆಹಲಿಯ ಐಸಿಯುಗಳಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಅಸಿನೆಟೊಬ್ಯಾಕ್ಟರ್ ಹೆಸರು ಹೇಳಿದರೆ ಮುಖ ಕಳೆಗುಂದುತ್ತದೆ.

ಅವಸರ ಬೇಡ. ಲೋಲಾಮೈಸಿನ್, ಎಂಟರೊಲೋಲಿನ್ ಎರಡರ ಫಲಿತಾಂಶವೂ ಇಲಿಗಳ ಮೇಲಿನದು. ಇಲಿಯ ಕರುಳಲ್ಲಿ ಗೆದ್ದ ಔಷಧ ಮನುಷ್ಯನಲ್ಲಿ ಸೋತ ಉದಾಹರಣೆಗಳು ಬೇಕಾದಷ್ಟಿವೆ. ಬ್ಯಾಕ್ಟೀರಿಯಾ ಈ ಔಷಧಗಳಿಗೂ ನಿರೋಧ ಬೆಳೆಸಿಕೊಳ್ಳಬಹುದು. ಆದರೂ ನಾನು ಇಷ್ಟೆಲ್ಲ ಬರೆದದ್ದಕ್ಕೆ ಕಾರಣವಿದೆ. ಒಂದೇ ಕ್ರಿಮಿಯನ್ನು ಹೊಡೆಯುವ ಔಷಧ ಕೊಡಬೇಕಾದರೆ ಕ್ರಿಮಿ ಯಾವುದೆಂದು ಮೊದಲು ಗೊತ್ತಾಗಬೇಕು. ನಾಳೆಯೇ ಲೋಲಾಮೈಸಿನ್ ನಮ್ಮ ಕೆಮಿಸ್ಟ್ ಅಂಗಡಿಗೆ ಬಂದರೂ, ಪರೀಕ್ಷೆ ಮಾಡಿಸುವ ಅಭ್ಯಾಸವಿಲ್ಲದ ಊರಿನಲ್ಲಿ ಅದಕ್ಕೆ ಬೆಲೆಯಿಲ್ಲ. ನಾವು ಅದನ್ನೂ ಲಕೋಟೆಯಲ್ಲಿ ಆರು ಮಾತ್ರೆ ಎಂದು ಕೊಂಡು, ಎರಡು ದಿನದಲ್ಲಿ ಕೆಲಸ ಮಾಡಲಿಲ್ಲವೆಂದು ಬಿಸಾಡಿ, ಜೋಡಿ ಮಾತ್ರೆಗೇ ಮರಳುತ್ತೇವೆ.

ಎಲ್ಲವನ್ನೂ ಕೊಲ್ಲುವ ಔಷಧ ಮಾಡಿದವರು ದುರುದ್ದೇಶದಿಂದ ಮಾಡಲಿಲ್ಲ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಕಂಪನಿಯ ಸಂಶೋಧನೆಯ ಹೊಣೆ ಹೊತ್ತಿದ್ದಾಗ, ಅವರ ಬಳಗದ ಬೆಂಜಮಿನ್ ಡಗ್ಗರ್ ಮಣ್ಣಿನ ಜೀವಿಯೊಂದರಿಂದ ಆರಿಯೋಮೈಸಿನ್ ತೆಗೆದರು. 1948ರಲ್ಲಿ ಬಂದ ಅದು ಟೆಟ್ರಾಸೈಕ್ಲಿನ್ ಕುಲದ ಮೊದಲ ಔಷಧ. ಪೆನಿಸಿಲಿನ್ನಿಗೆ ಬಗ್ಗದ ಹತ್ತಾರು ಕಾಯಿಲೆಗಳಿಗೆ ಅದು ಮದ್ದಾಯಿತು. ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್ ವರದಿ ಬರುವ ಹೊತ್ತಿಗೆ ರೋಗಿ ಸಾಯುತ್ತಿದ್ದ ಕಾಲದಲ್ಲಿ, ಯಾವ ಕ್ರಿಮಿಯೆಂದು ಗೊತ್ತಿಲ್ಲದೆಯೂ ಕೊಡಬಹುದಾದ ಔಷಧ ವರದಾನವೇ ಆಗಿತ್ತು. ಇಂದಿಗೂ ರಕ್ತಕ್ಕೆ ನಂಜೇರಿ ತುರ್ತಾಗಿ ದಾಖಲಾದವರಿಗೆ ವೈದ್ಯರು ಅಂಥದ್ದನ್ನೇ ಕೊಡಬೇಕು, ಕೊಡಲಿ. ತಂಟೆ ಇರುವುದು ಶೀತಕ್ಕೆ, ಗಂಟಲು ಕೆರೆತಕ್ಕೆ, ಒಂದು ದಿನದ ಭೇದಿಗೆ ಅದನ್ನು ಇಳಿಸಿದ ನಮ್ಮ ಅಭ್ಯಾಸದಲ್ಲಿ. 2019ರಲ್ಲಿ ನಮ್ಮ ದೇಶದ ಖಾಸಗಿ ಮಾರುಕಟ್ಟೆಯಲ್ಲಿ ಮಾರಾಟವಾದ ಆಂಟಿಬಯಾಟಿಕ್‌ಗಳನ್ನು ಲೆಕ್ಕ ಹಾಕಿದಾಗ ಮೊದಲ ಸ್ಥಾನ ಅಜಿತ್ರೋಮೈಸಿನ್ 500 ಮಿಲಿಗ್ರಾಂ ಮಾತ್ರೆಗೆ, ಎರಡನೆಯದು ಸೆಫಿಕ್ಸಿಮ್ 200ಕ್ಕೆ ಹೋಯಿತು. ದೀಪಾವಳಿಯ ನಂತರ ದೆಹಲಿಯ ಹೊಗೆಗೆ ಕೆಮ್ಮು ಹಿಡಿದವರಿಗೆ ಅಜಿತ್ರೋಮೈಸಿನ್ ಏನು ಮಾಡಬಲ್ಲುದು? ಹೊಗೆಯನ್ನು ಯಾವ ಆಂಟಿಬಯಾಟಿಕ್ಕೂ ಕೊಲ್ಲುವುದಿಲ್ಲ. ನುಂಗಿದಷ್ಟು ದಿನ ಅದು ಕೊಲ್ಲುವುದು ಕರುಳಿನ ಬ್ಯಾಕ್ಟೀರಿಯಾಗಳನ್ನು.

ಈ ಊರಿನಲ್ಲಿದ್ದು ನಾವು ಇನ್ನೊಂದನ್ನೂ ಮರೆಯಬಾರದು. ಭಾರತಕ್ಕೆ ಬಂದುಹೋದ ಸ್ವೀಡನ್ನಿನ ರೋಗಿಯೊಬ್ಬರಲ್ಲಿ 2008ರಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾದಲ್ಲಿ, ಕೊನೆಯ ಅಸ್ತ್ರವೆನಿಸಿದ ಕಾರ್ಬಪೆನೆಮ್ ಔಷಧಗಳನ್ನೇ ಮುರಿಯುವ ಕಿಣ್ವವೊಂದು ಪತ್ತೆಯಾಯಿತು. ಅದಕ್ಕೆ ಎನ್‌ಡಿಎಂ-1 ಎಂದು ಹೆಸರಿಟ್ಟರು. ಮೊದಲೆರಡು ಅಕ್ಷರ ನ್ಯೂ ಡೆಲ್ಲಿ. ಹೆಸರಿನ ಬಗ್ಗೆ ಆಗ ಬಹಳ ಗದ್ದಲವಾಯಿತು, ಆ ನೋವು ನನಗೂ ಇತ್ತು. ಆದರೆ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೆಹಲಿಯ ರಸ್ತೆಗಳ ಮೇಲೆ ನಿಂತ, ಹರಿದ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿ ನೀರಿನ 50ರಲ್ಲಿ ಎರಡರಲ್ಲಿ ಆ ವಂಶವಾಹಿ ಸಿಕ್ಕಿತು. ನಾವು ಅನಗತ್ಯವಾಗಿ ನುಂಗಿದ ಪ್ರತಿ ಮಾತ್ರೆಯೂ ಕರುಳಿನಲ್ಲಿ ಇಂಥ ನಿರೋಧವುಳ್ಳವುಗಳನ್ನೇ ಆರಿಸಿ ಬೆಳೆಸುತ್ತದೆ. ಅವು ಚರಂಡಿಗೆ ಇಳಿಯುತ್ತವೆ. ಚರಂಡಿ ನಲ್ಲಿಗೆ ಸೇರಿದರೆ ಎದುರು ಮನೆಯ ಮಗುವಿನ ಹೊಟ್ಟೆಗೆ ಹೋಗುತ್ತವೆ. ಜನಕಪುರಿಯ ನೀರಿನ ದೂರು ಮತ್ತು ಕೆಮಿಸ್ಟ್ ಅಂಗಡಿಯ ಲಕೋಟೆ ಎರಡೂ ಒಂದೇ ವಿಷಯ ಎಂದು ನಾನು ಹೇಳುವುದು ಇದಕ್ಕೇ.

ಅತ್ಯಂತ ನಿಖರವಾದ ಬ್ಯಾಕ್ಟೀರಿಯಾ ನಾಶಕದ ಸುಳಿವು ಸಿಕ್ಕಿದ್ದೂ ನಮ್ಮ ಯಮುನೆಯ ದಂಡೆಯಲ್ಲೇ. 1896ರಲ್ಲಿ ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾನ್‌ಬರಿ ಹ್ಯಾಂಕಿನ್ ಎಂಬ ವಿಜ್ಞಾನಿ, ಯಮುನೆ ಮತ್ತು ಗಂಗೆಯ ನೀರಿನಲ್ಲಿ ಕಾಲರಾ ಕ್ರಿಮಿ ಸಾಯುತ್ತದೆ, ಕುದಿಸಿದ ನೀರಿಗೆ ಆ ಶಕ್ತಿ ಇರುವುದಿಲ್ಲ ಎಂದು ಬರೆದರು. ಅವರು ಕಂಡದ್ದು ಬ್ಯಾಕ್ಟೀರಿಯಾಗಳನ್ನು ತಿನ್ನುವ ವೈರಸ್ಸುಗಳಾದ ಫೇಜ್‌ಗಳೇ ಎಂದು ಮುಂದೆ ಹಲವರು ಹೇಳಿದರು. ಅದರ ಬಗ್ಗೆ ವಾದವೂ ಇದೆ. 1917ರಲ್ಲಿ ಫೇಜ್‌ಗಳಿಗೆ ಹೆಸರಿಟ್ಟ ಫೆಲಿಕ್ಸ್ ಡಿ’ಎರೆಲ್ ಕಾಲರಾ ಚಿಕಿತ್ಸೆಗಾಗಿ 1927ರಲ್ಲಿ ಭಾರತಕ್ಕೇ ಬಂದರು. ಒಂದು ಫೇಜ್ ಸಾಮಾನ್ಯವಾಗಿ ಒಂದೇ ಜಾತಿಯ, ಎಷ್ಟೋ ಸಲ ಅದರಲ್ಲೂ ಕೆಲವೇ ತಳಿಗಳ ಬ್ಯಾಕ್ಟೀರಿಯಾವನ್ನು ಮಾತ್ರ ಮುಟ್ಟುತ್ತದೆ. ಜಾರ್ಜಿಯಾ ದೇಶದ ತಿಬಿಲಿಸಿಯಲ್ಲಿರುವ ಎಲಿಯಾವ ಸಂಸ್ಥೆ ನೂರು ವರ್ಷಗಳಿಂದ ಇದೇ ವಿದ್ಯೆಯಲ್ಲಿ ತೊಡಗಿದೆ. ಅಲ್ಲಿಯೂ ಚಿಕಿತ್ಸೆಗೆ ಮೊದಲು ರೋಗಿಯ ಕ್ರಿಮಿಯನ್ನು ಬೆಳೆಸಿ, ಯಾವ ಫೇಜ್ ಅದನ್ನು ಕೊಲ್ಲುತ್ತದೆಂದು ನೋಡುತ್ತಾರೆ. ಪರೀಕ್ಷೆಯನ್ನು ದಾಟಿಹೋಗುವ ಅಡ್ಡದಾರಿ ಅಲ್ಲೂ ಇಲ್ಲ. (ಯಮುನೆಯ ನೀರು ಕುಡಿಯಿರಿ ಎಂದು ಯಾರಾದರೂ ಇದನ್ನು ಅರ್ಥಮಾಡಿಕೊಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ದಯವಿಟ್ಟು ಬೇಡ.)

ಆ ಪರೀಕ್ಷೆ ಹೇಗಿರುತ್ತದೆಂದು ನಿಮ್ಮಲ್ಲಿ ಬಹಳ ಜನ ನೋಡಿರಲಿಕ್ಕಿಲ್ಲ. ಮೂತ್ರದ ಸೋಂಕೆಂದು ಇಟ್ಟುಕೊಳ್ಳಿ. ಮಾದರಿಯ ಒಂದು ಹನಿಯನ್ನು ತಂತಿಯ ಬಳೆಯಿಂದ ಎತ್ತಿ, ಅಂಗೈಯಗಲದ ತಟ್ಟೆಯಲ್ಲಿ ಹೆಪ್ಪುಗಟ್ಟಿದ ಅಗರ್ ಮೇಲೆ ಗೀರುತ್ತೇವೆ. 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ಗೀರಿನುದ್ದಕ್ಕೂ ಪುಟ್ಟ ಚುಕ್ಕಿಗಳು. ಮ್ಯಾಕ್‌ಕಾಂಕಿ ಎಂಬ ಅಗರ್ ಮೇಲೆ ಇ. ಕೊಲೈ ಒಣ ಗುಲಾಬಿ ಚುಕ್ಕಿಗಳಾಗಿ ಬರುತ್ತದೆ. ಕ್ಲೆಬ್ಸಿಯೆಲ್ಲಾ ಲೋಳೆಲೋಳೆಯಾಗಿ ಉಬ್ಬಿಕೊಂಡು ಬರುತ್ತದೆ. ಅದನ್ನು ಇನ್ನೊಂದು ತಟ್ಟೆಯ ತುಂಬ ಹರಡಿ, ಬೇರೆಬೇರೆ ಔಷಧ ಹೀರಿದ ಸಣ್ಣ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಡುತ್ತೇವೆ. ಮರುದಿನ ಕೆಲಸ ಮಾಡುವ ಔಷಧದ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿ ವರ್ತುಲ ಬಿದ್ದಿರುತ್ತದೆ. ಕೆಲಸ ಮಾಡದ ಬಿಲ್ಲೆಯ ಅಂಚಿನವರೆಗೂ ಕ್ರಿಮಿ ಒತ್ತಾಗಿ ಬೆಳೆದಿರುತ್ತದೆ. ಅಳತೆಗೋಲು ಹಿಡಿದು ಆ ವರ್ತುಲದ ಅಗಲವನ್ನು ಮಿಲಿಮೀಟರುಗಳಲ್ಲಿ ಅಳೆದು ಬರೆಯುತ್ತೇವೆ. ಈಗ ದೊಡ್ಡ ಲ್ಯಾಬುಗಳಲ್ಲಿ ಯಂತ್ರಗಳು ಬಂದಿವೆ, ತತ್ವ ಮಾತ್ರ ಬದಲಾಗಿಲ್ಲ. ಎರಡು ಮೂರು ದಿನದಲ್ಲಿ ನಿಮ್ಮ ಕೈಗೆ ಬರುವ ಕಲ್ಚರ್ ಸೆನ್ಸಿಟಿವಿಟಿ ರಿಪೋರ್ಟ್ ಇದೇ. ಸಿಪ್ರೊಫ್ಲಾಕ್ಸಸಿನ್, ಸೆಫಿಕ್ಸಿಮ್ ಬಿಲ್ಲೆಗಳ ಸುತ್ತ ವರ್ತುಲವೇ ಇಲ್ಲದ ಇ. ಕೊಲೈ ತಟ್ಟೆಗಳು ನನ್ನ ಮೇಜಿನ ಮೇಲೆ ವರ್ಷದಿಂದ ವರ್ಷಕ್ಕೆ ಹೆಚ್ಚಾಗುತ್ತಾ ಬಂದವು. ಅವೇ ತಟ್ಟೆಗಳಲ್ಲಿ ನೈಟ್ರೋಫ್ಯುರಾಂಟೊಯಿನ್ ಸುತ್ತ ಒಳ್ಳೆಯ ವರ್ತುಲ ಇರುತ್ತಿತ್ತು.

ಈ ನೈಟ್ರೋಫ್ಯುರಾಂಟೊಯಿನ್ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ನಾವು ಕಾಯಬೇಕಿಲ್ಲದ ಗುರಿಬದ್ಧ ಔಷಧ ಅದು. 1950ರ ದಶಕದಿಂದ ಬಳಕೆಯಲ್ಲಿದೆ, ದುಬಾರಿಯಲ್ಲ. ಅದು ಮೂತ್ರದಲ್ಲೇ ಸಾಂದ್ರವಾಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳನ್ನು ಅಷ್ಟಾಗಿ ಕೆಣಕುವುದಿಲ್ಲ. ಮೂತ್ರಕೋಶದ ಸಾಮಾನ್ಯ ಸೋಂಕಿಗೆ ಅದು ಸಾಕು. ಕಿಡ್ನಿಗೆ ಏರಿದ ಸೋಂಕಿಗೆ ಸಾಲದು, ಕಿಡ್ನಿ ದುರ್ಬಲವಾಗಿರುವವರಿಗೆ ಆಗುವುದಿಲ್ಲ. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು. ಒಂದೇ ಪುಡಿಯಲ್ಲಿ ಮುಗಿಯುವ ಫಾಸ್ಫೊಮೈಸಿನ್ ಕೂಡ ಇದೆ. ನಮ್ಮ ಮನೆಗಳ ಹೆಂಗಸರಿಗೆ ಉರಿಮೂತ್ರ ಎಷ್ಟು ಸಾಮಾನ್ಯ, ಅದನ್ನು ಯಾರಿಗೂ ಹೇಳಿಕೊಳ್ಳದೆ ಕೆಮಿಸ್ಟಿನ ಬಳಿ ಚೀಟಿಯಿಲ್ಲದೆ ಮಾತ್ರೆ ತರಿಸಿಕೊಳ್ಳುವುದು ಎಷ್ಟು ಸಾಮಾನ್ಯ ಎಂಬುದು ನನಗೆ ಗೊತ್ತಿದೆ. ತಂಗಿಯರೇ, ಸಂಕೋಚ ಬಿಡಿ. ಮೊದಲ ಮಾತ್ರೆ ನುಂಗುವ ಮುಂಚೆ ಮೂತ್ರವನ್ನು ಕಲ್ಚರಿಗೆ ಕೊಡಿ. ಮಾತ್ರೆ ನುಂಗಿದ ಮೇಲೆ ಕೊಟ್ಟರೆ ತಟ್ಟೆಯಲ್ಲಿ ಏನೂ ಬೆಳೆಯದಿರಬಹುದು.

ಟೈಫಾಯಿಡಿನ ವಿಷಯದಲ್ಲೂ ಇದೇ ಆಗುತ್ತಿದೆ. ಮಳೆಗಾಲದಲ್ಲಿ ಜ್ವರ ಬಂದೊಡನೆ ವೈಡಾಲ್ ಪರೀಕ್ಷೆ ಮಾಡಿಸಿ, ಅದರಲ್ಲಿ ‘ಪಾಸಿಟಿವ್’ ಎಂದು ಬಂದರೆ ಟೈಫಾಯಿಡ್ ಎಂದು ನಂಬಿ ಹದಿನಾಲ್ಕು ದಿನದ ಕೋರ್ಸು ಶುರುಮಾಡುತ್ತಾರೆ. ವೈಡಾಲ್ ಅಳೆಯುವುದು ಪ್ರತಿಕಾಯಗಳನ್ನು. ಹಿಂದೆ ಎಂದೋ ಬಂದ ಸೋಂಕಿನಿಂದಲೂ, ಲಸಿಕೆಯಿಂದಲೂ, ಬೇರೆ ಕ್ರಿಮಿಗಳಿಂದಲೂ ಅದು ಏರಬಹುದು. ಬೇಕಾದದ್ದು ಆಂಟಿಬಯಾಟಿಕ್ ಕೊಡುವ ಮುಂಚಿನ ಬ್ಲಡ್ ಕಲ್ಚರ್. ಅದಕ್ಕಿಂತ ಮೇಲಾದದ್ದು ಟೈಫಾಯಿಡ್ ಲಸಿಕೆ. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಕಾಂಜುಗೇಟ್ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ 2018ರ ಆರಂಭದ ಹೊತ್ತಿಗೇ ಸಿಕ್ಕಿದೆ. ಒಂದೇ ಕ್ರಿಮಿಯ ವಿರುದ್ಧ, ಕರುಳಿನ ಬೇರಾವ ಜೀವಿಗೂ ತೊಂದರೆಯಿಲ್ಲದೆ ಕೆಲಸ ಮಾಡುವುದೆಂದರೆ ಲಸಿಕೆಯೇ ಅಲ್ಲವೆ?

ಆಂಟಿಬಯಾಟಿಕ್ ಜೊತೆ ಪ್ರೋಬಯಾಟಿಕ್ ಕ್ಯಾಪ್ಸೂಲ್ ತೆಗೆದುಕೊಂಡರೆ ಸರಿಹೋಗುವುದಿಲ್ಲವೆ ಎಂದು ಬಹಳ ಜನ ಕೇಳುತ್ತಾರೆ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಪರೀಕ್ಷಿಸಿದಾಗ, ಆಂಟಿಬಯಾಟಿಕ್ ಮುಗಿದ ಮೇಲೆ ಪ್ರೋಬಯಾಟಿಕ್ ತೆಗೆದುಕೊಂಡವರ ಕರುಳಿಗೆ ಅವರ ಮೂಲ ಬ್ಯಾಕ್ಟೀರಿಯಾಗಳು ಮರಳುವುದು ಏನೂ ತೆಗೆದುಕೊಳ್ಳದವರಿಗಿಂತ ತಡವಾಯಿತು. ಮತ್ತೊಂದು ಕಡೆ, ಒಡಿಶಾದ ನಾಲ್ಕೂವರೆ ಸಾವಿರ ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರಿಸಿದ ಒಂದು ಲ್ಯಾಕ್ಟೊಬ್ಯಾಸಿಲಸ್ ತಳಿ ನಂಜು ಮತ್ತು ಸಾವನ್ನು ನೂರಕ್ಕೆ ನಲವತ್ತರಷ್ಟು ತಗ್ಗಿಸಿತು. ಯಾವ ತಳಿ, ಯಾರಿಗೆ, ಯಾವಾಗ ಎಂಬುದರ ಮೇಲೆ ಎಲ್ಲ ನಿಂತಿದೆ. ಮೊಸರನ್ನ ಉಣ್ಣಿ, ನಮ್ಮ ಹೊಟ್ಟೆಗೆ ಹಿತ. ಮೊಸರನ್ನ ತಿಂದೆನೆಂದು ಬೇಡದ ಆಂಟಿಬಯಾಟಿಕ್ ನುಂಗಬೇಡಿ.

ಹೊಸ ಔಷಧಗಳು ಏಕೆ ಇಷ್ಟು ನಿಧಾನವಾಗಿ ಬರುತ್ತಿವೆ ಎಂಬುದನ್ನೂ, ಮುಖ್ಯವಾಗಿ ವಿಜ್ಞಾನ ಓದುತ್ತಿರುವ ನಮ್ಮ ಮಕ್ಕಳು, ತಿಳಿಯಬೇಕು. ಹೊಸ ಆಂಟಿಬಯಾಟಿಕ್ ಬಂದರೆ ಅದನ್ನು ಆದಷ್ಟು ಕಡಿಮೆ ಬಳಸಬೇಕು. ಕಡಿಮೆ ಬಳಸಿದರೆ ಕಂಪನಿಗೆ ಲಾಭವಿಲ್ಲ. ಅಮೆರಿಕದ ಅಕಾಒಜೆನ್ ಎಂಬ ಕಂಪನಿ 2018ರಲ್ಲಿ ಪ್ಲಾಜೊಮೈಸಿನ್‌ಗೆ ಒಪ್ಪಿಗೆ ಪಡೆದು, 2019ರಲ್ಲಿ ದಿವಾಳಿಯಾಯಿತು. ಒಂದೇ ಕ್ರಿಮಿಯ ಔಷಧಕ್ಕೆ ಮಾರುಕಟ್ಟೆ ಇನ್ನೂ ಕಿರಿದು. ಬೆಂಗಳೂರಿನಲ್ಲಿ ಕ್ಷಯ, ಮಲೇರಿಯಾದಂಥ ಕಾಯಿಲೆಗಳಿಗೆ ಔಷಧ ಹುಡುಕುತ್ತಿದ್ದ ಆಸ್ಟ್ರಾಜೆನೆಕಾ ಸಂಶೋಧನಾ ಕೇಂದ್ರವನ್ನು ಮುಚ್ಚುವುದಾಗಿ ಆ ಕಂಪನಿ 2014ರಲ್ಲಿ ಪ್ರಕಟಿಸಿತು. ಅಲ್ಲಿ ಪಳಗಿದ ವಿಜ್ಞಾನಿಗಳಲ್ಲಿ ಕೆಲವರು ಬೆಂಗಳೂರಿನಲ್ಲೇ ಬಗ್‌ವರ್ಕ್ಸ್ ಎಂಬ ಪುಟ್ಟ ಕಂಪನಿ ಕಟ್ಟಿ, ಹೊಸ ಆಂಟಿಬಯಾಟಿಕ್ ಒಂದನ್ನು ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ತಂದಿದ್ದಾರೆ. ಅದು ಹಲವು ಕ್ರಿಮಿಗಳನ್ನು ಹೊಡೆಯುವ ಬಗೆಯದು. ಐಸಿಯುಗಳಿಗೆ ಅಂಥದ್ದೂ ಬೇಕು. ಕರುಳನ್ನು ಕಾಯುವ ಔಷಧ ಮತ್ತು ಅರ್ಧ ಗಂಟೆಯಲ್ಲಿ ಕ್ರಿಮಿಯ ಹೆಸರು ಹೇಳುವ ಅಗ್ಗದ ಪರೀಕ್ಷೆ, ಇವೆರಡರ ಕೆಲಸ ಇನ್ನೂ ಬೇಕಾದಷ್ಟು ಉಳಿದಿದೆ. ಜನಕಪುರಿಯ ನಮ್ಮ ಹುಡುಗ ಹುಡುಗಿಯರು ಅದಕ್ಕೆ ಕೈ ಹಾಕಲಿ ಎಂಬುದು ನನ್ನ ದೊಡ್ಡ ಆಸೆ.

ಆಂಟಿಬಯಾಟಿಕ್ ವಿಷ, ಬೇಡವೇ ಬೇಡ ಎಂದು ಈ ಪತ್ರವನ್ನು ಯಾರೂ ಓದಿಕೊಳ್ಳಬಾರದು. ಮಲದಲ್ಲಿ ರಕ್ತ, ಇಳಿಯದ ಜ್ವರ, ಉಸಿರಾಟದ ಏರುಪೇರು ಕಂಡರೆ, ಮಗು ಮಂಕಾಗಿ ಹಾಲು ಬಿಟ್ಟರೆ, ವೃದ್ಧರಿಗೆ ಇದ್ದಕ್ಕಿದ್ದಂತೆ ಮತಿ ಕಲಕಿದರೆ ಒಂದು ಗಂಟೆಯೂ ತಡಮಾಡದೆ ಆಸ್ಪತ್ರೆಗೆ ಹೋಗಿ. ವೈದ್ಯರು ಬರೆದ ಆಂಟಿಬಯಾಟಿಕ್ ಅನ್ನು ಅವರು ಹೇಳಿದಷ್ಟು ದಿನ ತೆಗೆದುಕೊಳ್ಳಿ. ಕೇಳಬೇಕಾದ್ದನ್ನು ಮಾತ್ರ ಕೇಳಿ: ‘ಡಾಕ್ಟರೇ, ಇದು ಬ್ಯಾಕ್ಟೀರಿಯಾದ ಸೋಂಕೇ? ಕಲ್ಚರ್ ಮಾಡಿಸಬಹುದೇ? ರಿಪೋರ್ಟ್ ಬಂದ ಮೇಲೆ ಕೆಲವೇ ಕ್ರಿಮಿಗಳನ್ನು ಹೊಡೆಯುವ ಔಷಧಕ್ಕೆ ಬದಲಿಸಬಹುದೇ?’ ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಅವಸರದಲ್ಲಿರುವವರು ಸಿಟ್ಟಾದರೂ ಕೇಳಿ.

ನವೆಂಬರಿನಲ್ಲಿ ನಾವೆಲ್ಲ ರಾಜ್ಯೋತ್ಸವಕ್ಕೆ ಸೇರುತ್ತೇವೆ. ಅದೇ ತಿಂಗಳ 18ರಿಂದ 24ರವರೆಗೆ ಔಷಧ ನಿರೋಧದ ಬಗ್ಗೆ ವಿಶ್ವ ಜಾಗೃತಿ ಸಪ್ತಾಹ. ಈ ಸಲ ಕಾರ್ಯಕ್ರಮದಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಿ, ನಾನು ಬರುತ್ತೇನೆ, ತಟ್ಟೆಗಳ ಚಿತ್ರಗಳನ್ನೂ ತರುತ್ತೇನೆ. ಪ್ರತಿ ಮನೆಯಲ್ಲೂ ಒಂದು ಫೈಲು ಇರಲಿ. ಯಾರಿಗೆ ಯಾವ ಆಂಟಿಬಯಾಟಿಕ್ ಯಾವಾಗ ಕೊಟ್ಟರು, ಕಲ್ಚರಿನಲ್ಲಿ ಏನು ಬಂತು ಎಂಬುದೆಲ್ಲ ಅದರಲ್ಲಿರಲಿ. ನಲ್ಲಿ ನೀರು ವಾಸನೆ ಬಂದರೆ, ಬಣ್ಣ ಕೆಟ್ಟರೆ ಫಿಲ್ಟರ್ ಇದೆಯೆಂದು ಸುಮ್ಮನಿರದೆ ದೆಹಲಿ ಜಲ ಮಂಡಳಿಯ 1916ಕ್ಕೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಡಿ, ನಿವಾಸಿಗಳ ಸಂಘದ (ಆರ್‌ಡಬ್ಲ್ಯುಎ) ಸಭೆಯಲ್ಲಿ ಎತ್ತಿ. ಫಿಲ್ಟರ್ ಕೊಳ್ಳಲಾಗದವರು, ನಮ್ಮ ಮನೆಗೆಲಸಕ್ಕೆ ಬರುವವರು, ಕುಡಿಯುವುದೂ ಅದೇ ನೀರನ್ನು. ಅವರ ಮಗುವಿಗೆ ಭೇದಿಯಾದಾಗ ನಿಮ್ಮ ಮನೆಯ ಮಿಕ್ಕ ಮಾತ್ರೆ ಕೊಡಬೇಡಿ, ಓಆರ್‌ಎಸ್ ಪೊಟ್ಟಣ ಕೊಟ್ಟು ಆಸ್ಪತ್ರೆಗೆ ಕಳಿಸಿ. ಮತ್ತು ಇಂದೇ, ಈ ಪತ್ರ ಮುಗಿಸಿದ ಮೇಲೆ, ನಿಮ್ಮ ಔಷಧದ ಡಬ್ಬಿ ತೆರೆದು ಕೆಂಪು ಗೆರೆಯಿರುವ, ಚೀಟಿಯಿಲ್ಲದ ಅರ್ಧ ಸ್ಟ್ರಿಪ್ಪುಗಳನ್ನೆಲ್ಲ ಬೇರೆ ತೆಗೆದಿಡಿ. ಯಾರ ಜ್ವರಕ್ಕೂ ಅವನ್ನು ಮತ್ತೆ ಮುಟ್ಟಬೇಡಿ.

ಇಂತಿ,
ನಿಮ್ಮ ನೆರೆಯವಳು
ಜನಕಪುರಿ, ನವದೆಹಲಿ